ಗಿರೀಶ್ ಕಾಸರವಳ್ಳಿಯವರ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರ ಮುಗಿದು ದೀಪ ಹತ್ತಿಕೊಂಡ ಮೇಲೆ ಎರಡು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡು ಒಂದು ಪ್ರಶ್ನೆ ಎತ್ತುತ್ತಾರೆ. ಚಿತ್ರಸಮಾಜದ ಪ್ರದರ್ಶನಗಳಲ್ಲಿ ಕುರ್ಚಿ ಜೋಡಿಸುತ್ತ, ಪರದೆ ಕಟ್ಟುತ್ತ ನಾನು ಕೇಳಿಸಿಕೊಂಡ ಅಂಥ ಪ್ರಶ್ನೆಗಳು ಇವು. ಉತ್ತರಗಳು ನನ್ನವು. ಕಾಸರವಳ್ಳಿಯವರು ಇವನ್ನೆಲ್ಲ ಒಪ್ಪುತ್ತಾರೆ ಎಂಬ ಭ್ರಮೆ ನನಗಿಲ್ಲ.

ಅವರು ಒಟ್ಟು ಎಷ್ಟು ಚಿತ್ರ ಮಾಡಿದ್ದಾರೆ?

ಕಥಾಚಿತ್ರಗಳು ಹದಿನೈದು. 1977ರ 'ಘಟಶ್ರಾದ್ಧ'ದಿಂದ 2020ರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ವರೆಗೆ. ನಡುವೆ ಆಕ್ರಮಣ, ಮೂರು ದಾರಿಗಳು, ತಬರನ ಕಥೆ, ಬಣ್ಣದ ವೇಷ, ಮನೆ, ಕ್ರೌರ್ಯ, ತಾಯಿಸಾಹೇಬ, ದ್ವೀಪ, ಹಸೀನಾ, ನಾಯಿ ನೆರಳು, ಗುಲಾಬಿ ಟಾಕೀಸ್, ಕನಸೆಂಬೋ ಕುದುರೆಯನೇರಿ, ಕೂರ್ಮಾವತಾರ. 'ಬಣ್ಣದ ವೇಷ' ದೂರದರ್ಶನಕ್ಕಾಗಿ ಆದದ್ದು. ಅದನ್ನು ಬಿಟ್ಟು ಎಣಿಸುವವರೂ ಇದ್ದಾರೆ. ನಲವತ್ತಮೂರು ವರ್ಷಕ್ಕೆ ಹದಿನೈದು ಎಂದರೆ ಸುಮಾರು ಮೂರು ವರ್ಷಕ್ಕೊಂದು. ಈ ಲೆಕ್ಕ ಕೇಳಿ 'ಅಷ್ಟೇನಾ?' ಎನ್ನುವವರಿದ್ದಾರೆ. 'ಅಷ್ಟೊಂದಾ!' ಎನ್ನಬೇಕು ಎಂಬುದು ನನ್ನ ವಾದ. ಕನ್ನಡದ ಕಲಾತ್ಮಕ ಚಿತ್ರಗಳ ಅದೇ ಹೊಸ ಅಲೆಯಲ್ಲಿ ತೇಲಿಬಂದ ಹಲವರು ಒಂದೆರಡು ಚಿತ್ರಗಳಿಗೇ ದಡ ಸೇರಿದರು.

ಔಷಧ ಅಂಗಡಿ ಇಡಬೇಕಾಗಿದ್ದವರು ಎಂಬ ಮಾತು ನಿಜವೇ?

ಅರ್ಧ ನಿಜ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು, ಹುಟ್ಟಿದ್ದು 1950ರಲ್ಲಿ. ಮಣಿಪಾಲದಲ್ಲಿ ಫಾರ್ಮಸಿ ಓದಿದರು. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ಅಲ್ಲಿ ಡಿಪ್ಲೊಮಾಕ್ಕಾಗಿ ಮಾಡಿದ 'ಅವಶೇಷ್' ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಬಿ. ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕರಾಗಿ ದುಡಿದರು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಕಟ್ಟಿದ ಕೆ. ವಿ. ಸುಬ್ಬಣ್ಣ ಕಾಸರವಳ್ಳಿಯವರ ಸೋದರಮಾವ. ಮಾವನ ಮನೆಯ ಗಾಳಿ ತಗುಲದೆ ಇರುತ್ತದೆಯೇ!

'ಸ್ವತಂತ್ರ' ನಿರ್ದೇಶಕ ಎನ್ನುತ್ತೀರಿ. ಯಾರಿಂದ ಸ್ವತಂತ್ರ? ದುಡ್ಡು ಯಾರದೋ ಇರಲೇಬೇಕಲ್ಲ?

ಒಳ್ಳೆಯ ಪ್ರಶ್ನೆ, ಸ್ವಲ್ಪ ತುಂಟ ಪ್ರಶ್ನೆಯೂ ಹೌದು. ದುಡ್ಡು ಬೇರೆಯವರದೇ. 'ಘಟಶ್ರಾದ್ಧ'ಕ್ಕೆ ಹಣ ಹಾಕಿದವರು ರಂಗಭೂಮಿಯಲ್ಲಿ ಹೆಸರಾದ ಸದಾನಂದ ಸುವರ್ಣ. 'ತಾಯಿಸಾಹೇಬ'ಕ್ಕೆ ಜಯಮಾಲಾ, 'ದ್ವೀಪ'ಕ್ಕೆ ಸೌಂದರ್ಯ. 'ಗುಲಾಬಿ ಟಾಕೀಸ್', 'ಕನಸೆಂಬೋ ಕುದುರೆಯನೇರಿ', 'ಕೂರ್ಮಾವತಾರ' ಮೂರಕ್ಕೂ ಬಸಂತಕುಮಾರ್ ಪಾಟೀಲ್. ಇವರಲ್ಲಿ ಜಯಮಾಲಾ ಮತ್ತು ಸೌಂದರ್ಯ ಇಬ್ಬರೂ ಜನಪ್ರಿಯ ಚಿತ್ರರಂಗದ ನಾಯಕಿಯರು. ಹಾಡು, ಕುಣಿತದ ಸಿನಿಮಾದಲ್ಲಿ ಗಳಿಸಿದ್ದನ್ನು ತಂದು ಇಲ್ಲಿ ಸುರಿದರು, ಮುಖಕ್ಕೆ ಬಣ್ಣ ಹಚ್ಚದ ಪಾತ್ರ ತಾವೇ ಮಾಡಿದರು. ವಾಣಿಜ್ಯ ಚಿತ್ರ ಒಂದು ಕಡೆ, ಕಲಾತ್ಮಕ ಚಿತ್ರ ಇನ್ನೊಂದು ಕಡೆ, ನಡುವೆ ಗೋಡೆ ಎನ್ನುವವರಿಗೆ ನಾನು ಈ ಎರಡು ಹೆಸರು ಹೇಳಿ ಸುಮ್ಮನಾಗುತ್ತೇನೆ.

ಸ್ವಾತಂತ್ರ್ಯ ಇರುವುದು ಇನ್ನೊಂದು ಕಡೆ. ಯಾವ ಕಥೆ ಎತ್ತಿಕೊಳ್ಳಬೇಕು, ಅದರಲ್ಲಿ ಏನನ್ನು ಬಿಡಬೇಕು ಎಂಬ ತೀರ್ಮಾನ ಮಾತ್ರ ಎಂದೂ ಅವರ ಕೈ ತಪ್ಪಿದಂತೆ ಕಾಣುವುದಿಲ್ಲ.

ನಾನು ಒಂದೂ ನೋಡಿಲ್ಲ. ಎಲ್ಲಿಂದ ಶುರುಮಾಡಲಿ?

'ಘಟಶ್ರಾದ್ಧ'ದಿಂದ ಬೇಡ. ಎಲ್ಲರೂ ಅದನ್ನೇ ಮೊದಲು ಹೇಳುತ್ತಾರೆ. ನೋಡಿದವರು ಗೌರವದಿಂದ ತಲೆಯಾಡಿಸಿ ಮುಂದಿನದಕ್ಕೆ ಬರುವುದೇ ಇಲ್ಲ. 'ತಬರನ ಕಥೆ'ಯಿಂದ ಶುರುಮಾಡಿ. ಪಿಂಚಣಿಗಾಗಿಯೋ ಪಹಣಿಗಾಗಿಯೋ ಕಚೇರಿ ಅಲೆಯದ ಮನೆ ನಮ್ಮಲ್ಲಿ ಯಾವುದಿದೆ?

ಪೂರ್ಣಚಂದ್ರ ತೇಜಸ್ವಿಯವರ ಕಥೆ. ತಬರ ಶೆಟ್ಟಿ ಪುರಸಭೆಯ ನಿಷ್ಠಾವಂತ ಜವಾನ. ತೆರಿಗೆ ವಸೂಲಿಯ ಲೆಕ್ಕ ತಾಳೆಯಾಗದೆ ಅವನ ಪಿಂಚಣಿ ನಿಂತುಹೋಗುತ್ತದೆ. ಇತ್ತ ಸಕ್ಕರೆ ಕಾಯಿಲೆಯ ಹೆಂಡತಿ ಅಪ್ಪಿಯ ಕಾಲು ಕೊಳೆಯುತ್ತ ಬರುತ್ತದೆ. ಕಾಲು ಕತ್ತರಿಸದೆ ಉಳಿಯುವುದಿಲ್ಲ, ಕತ್ತರಿಸಲು ಕಾಸಿಲ್ಲ. ತಬರ ಮಾಂಸದ ಅಂಗಡಿಯವನ ಬಳಿ ಹೋಗಿ ಹೆಂಡತಿಯ ಕಾಲು ಕಡಿದುಕೊಡುತ್ತೀಯಾ ಎಂದು ಕೇಳುತ್ತಾನೆ. ಚಾರುಹಾಸನ್ ಇದನ್ನು ಅಳುತ್ತ ಕೇಳುವುದಿಲ್ಲ. ಬಾಗಿಲ ಕೀಲು ರಿಪೇರಿ ಮಾಡಿಸುವವನಂತೆ, ಒಂದು ಕೆಲಸ ಆಗಬೇಕಿತ್ತು ಎಂಬ ದನಿಯಲ್ಲಿ ಕೇಳುತ್ತಾರೆ. ಆ ದನಿಗೇ ಹೊಟ್ಟೆಯೊಳಗೆ ಏನೋ ಕದಡುತ್ತದೆ. ಆ ವರ್ಷದ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಚಾರುಹಾಸನ್ ಅವರಿಗೆ, ಶ್ರೇಷ್ಠ ಚಿತ್ರ ಪ್ರಶಸ್ತಿ ಸಿನಿಮಾಕ್ಕೆ.

ಇಡೀ ಚಿತ್ರದಲ್ಲಿ ಖಳನಾಯಕ ಎಂದು ಬೆರಳು ತೋರಿಸಲು ಒಬ್ಬನೂ ಸಿಗುವುದಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೆ.

'ಘಟಶ್ರಾದ್ಧ'ದಲ್ಲಿ ಅಂಥದ್ದೇನಿದೆ? ಐವತ್ತು ವರ್ಷ ಹತ್ತಿರ ಬಂದರೂ ಅದರ ಮಾತೇ ನಿಂತಿಲ್ಲವಲ್ಲ.

ಕಥೆ ಯು. ಆರ್. ಅನಂತಮೂರ್ತಿಯವರದು. ಮಲೆನಾಡಿನ ಅಗ್ರಹಾರ, ಉಡುಪರ ವೇದಪಾಠಶಾಲೆ. ಹೊಸದಾಗಿ ಬಂದ ಪುಟ್ಟ ಹುಡುಗ ನಾಣಿಗೆ ದೊಡ್ಡ ಹುಡುಗರ ಕಾಟ. ಅವನಿಗೆ ಆಸರೆ ಉಡುಪರ ಮಗಳು, ಬಾಲವಿಧವೆ ಯಮುನಕ್ಕ. ಅವಳು ಊರಿನ ಶಾಲಾ ಮೇಷ್ಟ್ರಿಂದ ಬಸಿರಾಗುತ್ತಾಳೆ. ಮೇಷ್ಟ್ರು ಊರು ಬಿಡುತ್ತಾನೆ. ಗರ್ಭ ತೆಗೆಸಬೇಕು, ಸಾಯಬೇಕು, ಏನಾದರೂ ಆಗಬೇಕು. ಕೊನೆಗೆ ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗಿಡುತ್ತಾನೆ. ಗಡಿಗೆ ಒಡೆಯುವುದೇ ಆ ಶ್ರಾದ್ಧ.

ಹೀಗೆ ಹೇಳಿದರೆ ಇದು ವಿಧವೆಯ ಗೋಳಿನ ಕಥೆ. ಅಂಥವು ಆಗಲೇ ನಮ್ಮಲ್ಲಿ ಬೇಕಾದಷ್ಟಿದ್ದವು. ಇಪ್ಪತ್ತಾರರ ಹರೆಯದ ನಿರ್ದೇಶಕ ಮಾಡಿದ ಜಾಣತನವೆಂದರೆ ಇದನ್ನೆಲ್ಲ ನಾಣಿಯ ಎತ್ತರದಿಂದ ನೋಡಿದ್ದು. ಅವನಿಗೆ ಅರ್ಥವಾಗುವುದು ಕಾಲುಭಾಗ. ಯಮುನಕ್ಕ ಹುತ್ತದೊಳಗೆ ಕೈಯಿಡುವಾಗ ಅದು ಆತ್ಮಹತ್ಯೆ ಎಂದು ನಮಗೆ ಗೊತ್ತು. ಹುಡುಗನಿಗೆ ಗೊತ್ತಿರುವುದು ಹಾವಿನ ಭಯ ಮಾತ್ರ. ಎರಡು ತಿಳಿವಳಿಕೆಗಳ ನಡುವೆ ಇರುವ ಆ ಸಂದಿಯಲ್ಲೇ ಚಿತ್ರ ಉಸಿರಾಡುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣದಲ್ಲಿ ಕಾಡಿನ ಕತ್ತಲೆ ಎಷ್ಟು ದಟ್ಟವೆಂದರೆ ಮುಖಗಳು ಅದರಿಂದ ಹೊರಬರಲು ಒದ್ದಾಡುತ್ತವೆ. ಬಿ. ವಿ. ಕಾರಂತರು ಸಂಗೀತವನ್ನು ಪಿಸುಮಾತಿನಂತೆ ಬಳಸಿದ್ದಾರೆ.

ಕೊನೆಯಲ್ಲಿ ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಬುಡದಲ್ಲಿ ಒಬ್ಬಳೇ ಕುಳಿತಿದ್ದಾಳೆ. ನಾಣಿಯನ್ನು ಅವನ ಅಪ್ಪ ಕರೆದುಕೊಂಡು ಹೊರಟಿದ್ದಾನೆ. ಹುಡುಗ ಹಿಂತಿರುಗಿ ನೋಡುತ್ತಾನೆ. ಅಷ್ಟರಲ್ಲಿ ನಮ್ಮ ಕಿವಿಗೆ ಬಿದ್ದ ಇನ್ನೊಂದು ಸುದ್ದಿಯೆಂದರೆ ಮುದಿ ಉಡುಪರಿಗೆ ಚಿಕ್ಕ ಹುಡುಗಿಯೊಂದಿಗೆ ಮದುವೆ. ನಿರ್ದೇಶಕ ಇದನ್ನು ಒತ್ತಿ ಹೇಳುವುದಿಲ್ಲ. ದಾರಿಹೋಕರ ಮಾತಿನಂತೆ ಬಿಟ್ಟುಕೊಡುತ್ತಾರೆ.

ಶ್ರೇಷ್ಠ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂತು. ಮುಂದೆ 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ'ಕ್ಕೂ ಬಂದು ಒಟ್ಟು ನಾಲ್ಕಾಯಿತು.

ಸಾಹಿತ್ಯಕೃತಿಗಳನ್ನೇ ಏಕೆ ಹಿಡಿದುಕೊಳ್ಳುತ್ತಾರೆ? ಹಿಡಿದುಕೊಂಡವರು ಅವನ್ನು ಏಕೆ ಬದಲಾಯಿಸುತ್ತಾರೆ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಕಾಸರವಳ್ಳಿ ಮೊದಲು ಓದುಗ, ಆಮೇಲೆ ನಿರ್ದೇಶಕ ಎಂದು ನಾನು ಅಂದುಕೊಂಡಿದ್ದೇನೆ. ಒಳ್ಳೆಯ ಓದುಗ ಪುಸ್ತಕ ಮುಚ್ಚಿಟ್ಟು ಕತೆಗಾರನೊಂದಿಗೆ ಜಗಳಕ್ಕೆ ಕೂರುತ್ತಾನೆ: 'ಸ್ವಾಮಿ, ಆ ಹೆಂಗಸಿನ ಮಾತನ್ನು ನೀವು ಕೇಳಲೇ ಇಲ್ಲವಲ್ಲ?' ಅವರ ಒಂದೊಂದು ಚಿತ್ರವೂ ಅಂಥ ಒಂದು ಜಗಳದ ದಾಖಲೆ.

'ನಾಯಿ ನೆರಳು' ತೆಗೆದುಕೊಳ್ಳಿ. ಎಸ್. ಎಲ್. ಭೈರಪ್ಪನವರ ಕಾದಂಬರಿಯ ಹೊಟ್ಟೆಯಲ್ಲಿರುವುದು ಪುನರ್ಜನ್ಮದ ಪ್ರಶ್ನೆ. ಎಂದೋ ಸತ್ತ ಮಗ ತಾನೇ ಎಂದು ಹೇಳಿಕೊಳ್ಳುವ ಯುವಕನೊಬ್ಬ ಬರುತ್ತಾನೆ. ಅತ್ತೆ ನಂಬುತ್ತಾಳೆ. ವಿಧವೆ ಸೊಸೆ ವೆಂಕಟಲಕ್ಷ್ಮಿ ಏನು ಮಾಡಬೇಕು? ಸಿನಿಮಾ ನೋಡುತ್ತ ನೋಡುತ್ತ, ಅವನು ನಿಜಕ್ಕೂ ಹುಟ್ಟಿಬಂದವನೇ ಎಂಬ ಕುತೂಹಲ ನಮ್ಮಲ್ಲಿ ಸದ್ದಿಲ್ಲದೆ ಸಾಯುತ್ತದೆ. ಅದರ ಜಾಗದಲ್ಲಿ ಬೇರೊಂದು ಎದ್ದು ನಿಲ್ಲುತ್ತದೆ: ಇವಳಿಗೆ ಏನು ಬೇಕು? ಇಪ್ಪತ್ತು ವರ್ಷದಿಂದ ಮುಚ್ಚಿದ್ದ ಬಾಗಿಲನ್ನು ಒಂದು ಮೂಢನಂಬಿಕೆ ತೆರೆದರೆ ಅವಳು ದಾಟಬಾರದೇ? ಪವಿತ್ರಾ ಲೋಕೇಶ್ ಆ ಹೊಸ್ತಿಲ ಮೇಲೆ ನಿಲ್ಲುವ ರೀತಿ ನೋಡಿಯೇ ತಿಳಿಯಬೇಕು.

'ಗುಲಾಬಿ ಟಾಕೀಸ್' ಇನ್ನೂ ದೊಡ್ಡ ಜಿಗಿತ. ವೈದೇಹಿಯವರ ಕಥೆಯಲ್ಲಿ ಸಣ್ಣ ಪೇಟೆಗೆ ಚಿತ್ರಮಂದಿರ ಬರುತ್ತದೆ, ಅದರಿಂದ ಹೆಂಗಸರ ಲೋಕ ಅಲುಗಾಡುತ್ತದೆ. ಕಾಸರವಳ್ಳಿ ಕಥೆಯನ್ನು ಕಾರ್ಗಿಲ್ ಯುದ್ಧದ ಹೊತ್ತಿಗೆ, 1990ರ ದಶಕದ ಕೊನೆಗೆ, ಕರಾವಳಿಯ ಮೀನುಗಾರರ ಕೇರಿಗೆ ಒಯ್ದರು. ಚಿತ್ರಮಂದಿರದ ಜಾಗಕ್ಕೆ ಬಣ್ಣದ ಟಿವಿ ಬಂತು. ಗುಲಾಬಿ ಮುಸ್ಲಿಂ ಸೂಲಗಿತ್ತಿ, ಗಂಡ ಬಿಟ್ಟುಹೋದವಳು, ಸಿನಿಮಾ ಹುಚ್ಚಿ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಸಿರಿವಂತರ ಮನೆಯವರು ಅವಳಿಗೆ ಟಿವಿ, ಡಿಶ್ ಎರಡನ್ನೂ ಕೊಡುತ್ತಾರೆ. ಅವಳ ಗುಡಿಸಲಿಗೆ ಕಾಲಿಡದ ಹೆಂಗಸರು ಮೊದಲು ಬಾಗಿಲಾಚೆ ನಿಂತು ಇಣುಕುತ್ತಾರೆ, ಆಮೇಲೆ ಒಳಗೆ ಬಂದು ಕೂರುತ್ತಾರೆ. ಅದೇ ಟಿವಿ ಯುದ್ಧದ ಸುದ್ದಿಯನ್ನೂ ತರುತ್ತದೆ. ಯಾಂತ್ರಿಕ ದೋಣಿಗಳ ಮೀನಿನ ಜಗಳಕ್ಕೆ ಧರ್ಮದ ಬಣ್ಣ ಬಳಿದುಕೊಳ್ಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಜನರನ್ನು ಕೂಡಿಸಿದ ಪೆಟ್ಟಿಗೆಯೇ ಅವರನ್ನು ಒಡೆಯಿತು ಎಂದು ನಾನು ಸಸಾರವಾಗಿ ಹೇಳುತ್ತಿದ್ದೇನೆ, ಉಮಾಶ್ರೀ ಅದನ್ನು ಕಣ್ಣಿನಲ್ಲಿ ಹೇಳುತ್ತಾರೆ. ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಆ ಕಣ್ಣಿಗೇ ಸಂದದ್ದು ಎಂದು ನಾನು ತಿಳಿದಿದ್ದೇನೆ.

ಮೂಲಕಥೆಗೆ ಇದು ದ್ರೋಹವಲ್ಲವೇ ಎಂದು ಕೇಳುವ ಅಧ್ಯಾಪಕರೊಬ್ಬರು ಪ್ರತಿ ಪ್ರದರ್ಶನಕ್ಕೂ ಸಿಗುತ್ತಾರೆ. ಕಥೆ ಪುಸ್ತಕದಲ್ಲಿ ಹಾಗೆಯೇ ಇದೆಯಲ್ಲ ಸಾರ್, ಯಾರೂ ಅಳಿಸಿಲ್ಲ.

ಎಲ್ಲದರಲ್ಲೂ ಹೆಣ್ಣಿನ ಗೋಳೇ ಏಕೆ?

ಹೆಣ್ಣು ಹೌದು, ಗೋಳು ಎನ್ನಲಾರೆ. 'ದ್ವೀಪ'ದ ನಾಗಿಯನ್ನು ನೋಡಿ. ನಾ. ಡಿಸೋಜ ಅವರ ಕಾದಂಬರಿ. ಶರಾವತಿ ಕಣಿವೆಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು ಬರೆದದ್ದು. ಅಣೆಕಟ್ಟಿನ ನೀರು ಏರುತ್ತದೆ, ಊರವರು ಪರಿಹಾರ ತೆಗೆದುಕೊಂಡು ಗುಳೆ ಹೋಗುತ್ತಾರೆ. ಸೀತಾಪರ್ವತದ ಮೇಲೆ ಉಳಿದವರು ದುಗ್ಗಜ್ಜ, ಮಗ ಗಣಪಯ್ಯ, ಸೊಸೆ ನಾಗಿ. ಪೂಜೆ ಬಿಟ್ಟು ಹೋಗುವುದು ಹೇಗೆ, ಕೊಟ್ಟ ಪರಿಹಾರದಲ್ಲಿ ಬದುಕುವುದು ಹೇಗೆ ಎಂದು ಗಂಡಸರು ಕೊರಗುತ್ತಾರೆ. ನಾಗಿಗೆ ಕೊರಗಲು ಬಿಡುವಿಲ್ಲ. ಒಲೆ ಉರಿಯಬೇಕು, ಸೋರುವ ಮಾಡು ನಿಲ್ಲಬೇಕು, ಹುಲಿ ಬಂದರೆ ಬೆಂಕಿ ಹಾಕಬೇಕು. ಕೊನೆಗೆ ಮನೆ ಉಳಿದಾಗ ಅದರ ಶ್ರೇಯಸ್ಸು ಅವಳಿಗೆ ದಕ್ಕುವುದಿಲ್ಲ. ಅವಳು ದುಡಿದು ಉಳಿಸಿದ್ದು ಗಂಡನ ಕಣ್ಣಿಗೆ ದೈವದ ದಯೆಯಾಗಿ ಕಾಣುತ್ತದೆ.

ಮಳೆಯ ಬಗ್ಗೆ ಒಂದು ಮಾತು. ಎಚ್. ಎಂ. ರಾಮಚಂದ್ರ ಅವರ ಕ್ಯಾಮೆರಾದಲ್ಲಿ ಇಲ್ಲಿನ ಮಳೆ ಚೆಲುವಾಗಿ ಸುರಿಯುವುದಿಲ್ಲ. ಗೋಡೆಗೆ ಏರುತ್ತದೆ, ಸೌದೆಗೆ ಇಳಿಯುತ್ತದೆ, ಮಾತಿಗೆ ಅಡ್ಡ ಬರುತ್ತದೆ. ಮಲೆನಾಡನ್ನು ಪ್ರವಾಸಿ ತಾಣವೆಂದು ತಿಳಿದವರಿಗೆ ಕಡ್ಡಾಯವಾಗಿ ತೋರಿಸಬೇಕು. ದುಗ್ಗಜ್ಜನಾಗಿ ನಟಿಸಿದವರು 'ಚೋಮನ ದುಡಿ'ಯ ಚೋಮ, ವಾಸುದೇವರಾವ್. ಅವರ ಬೆನ್ನು ನೋಡಿದರೇ ಸಾಕು.

'ತಾಯಿಸಾಹೇಬ' ಅರ್ಧಕ್ಕೆ ಬಿಟ್ಟೆ. ಯಾರು ಯಾರಿಗೆ ಏನಾಗಬೇಕು ಎಂದೇ ತಿಳಿಯಲಿಲ್ಲ.

ಕಾಗದದ ಮೇಲೆ ವಂಶವೃಕ್ಷ ಬರೆದುಕೊಳ್ಳಿ, ನಾಚಿಕೆ ಬೇಡ. ಅಪ್ಪಾಸಾಹೇಬ ಸ್ವಾತಂತ್ರ್ಯ ಹೋರಾಟಗಾರ, ವಾಡೆಯ ಎಂದರೆ ದೊಡ್ಡಮನೆಯ ಯಜಮಾನ. ಹೆಂಡತಿ ನರ್ಮದಾ, ಅವಳೇ ತಾಯಿಸಾಹೇಬ. ಅವಳಿಗೆ ಮಕ್ಕಳಿಲ್ಲ. ಅವನಿಗೆ ಚಂದ್ರಿ ಎಂಬ ಇನ್ನೊಬ್ಬ ಸಂಗಾತಿ, ಅವಳಿಗೊಬ್ಬ ಮಗಳು. ಇತ್ತ ವಾಡೆಗೆ ಒಬ್ಬ ದತ್ತುಮಗ. ಆ ಮಗ ಆ ಮಗಳನ್ನೇ ಪ್ರೀತಿಸಿದರೆ? ರಕ್ತಸಂಬಂಧವಿಲ್ಲ, ಆದರೆ ಕಾನೂನಿನ ಕಣ್ಣಿಗೆ ಅಣ್ಣ ತಂಗಿ. ದೇಶಕ್ಕೆ ಸ್ವಾತಂತ್ರ್ಯ ಬಂತು, ಒಳ್ಳೆಯ ಉದ್ದೇಶದ ಕಾನೂನುಗಳು ಬಂದವು; ಅವು ವಾಡೆಯ ಅಡುಗೆಮನೆಗೆ ಬಂದು ಮುಟ್ಟಿದಾಗ ಯಾರಿಗೆ ಬಿಡುಗಡೆ, ಯಾರಿಗೆ ಉರುಳು? ಈ ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ನೋಡಿ. ಉಡುಪುಗಳನ್ನೂ ಗಮನಿಸಿ. ಅದಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದವರು ನಿರ್ದೇಶಕರ ಪತ್ನಿ, ನಟಿ ವೈಶಾಲಿ ಕಾಸರವಳ್ಳಿ. 2010ರಲ್ಲಿ ತೀರಿಕೊಂಡರು.

'ಕನಸೆಂಬೋ ಕುದುರೆಯನೇರಿ'ಯಲ್ಲಿ ಒಂದೇ ಕಥೆ ಎರಡು ಸಲ ಬಂದಂತಿತ್ತು. ಡಿವಿಡಿ ದೋಷವೇ?

ಅಲ್ಲ! ಈ ಪ್ರಶ್ನೆ ನಿಜಕ್ಕೂ ಬಂದಿತ್ತು, ಕೇಳಿದವರು ಪಾಪ ಗಂಭೀರವಾಗಿಯೇ ಕೇಳಿದರು. ಅಮರೇಶ ನುಗಡೋಣಿಯವರ 'ಸವಾರಿ' ಕಥೆ ಆಧಾರ. ಗುಣಿ ತೋಡುವ ಈರ್ಯನ ಕನಸಿನಲ್ಲಿ ಸಿದ್ಧ ಬಂದರೆ ಊರಿನಲ್ಲಿ ಸಾವಾಗಿದೆ ಎಂದೇ ಅರ್ಥ. ಸಿದ್ಧ ಬಂದ, ಈರ್ಯ ಗೌಡರ ವಾಡೆಗೆ ಹೋದ, ಯಾರೂ ಸತ್ತಿಲ್ಲ ಎಂದರು. ಜೀವಮಾನದ ನಂಬಿಕೆ ಕುಸಿಯಿತು. ಆಮೇಲೆ ಅದೇ ಹೊತ್ತು ವಾಡೆಯ ಒಳಗಿನಿಂದ ಮತ್ತೆ ಶುರುವಾಗುತ್ತದೆ, ಸಾವನ್ನು ಮುಚ್ಚಿಟ್ಟವರ ಲೆಕ್ಕಾಚಾರ ತಿಳಿಯುತ್ತದೆ. ಕನಸು ಸುಳ್ಳಾಗಿರಲಿಲ್ಲ. ಈರ್ಯನಾಗಿ ವೈಜನಾಥ ಬಿರಾದಾರ್ ಇದ್ದಾರೆ. ನೂರಾರು ಚಿತ್ರಗಳಲ್ಲಿ ಭಿಕ್ಷುಕ, ಕುಡುಕ ಎಂದು ನಗಿಸಿ ಮರೆಯಾದ ಮುಖಕ್ಕೆ ಇಲ್ಲಿ ಕ್ಯಾಮೆರಾ ಕೊನೆಗೂ ಹತ್ತಿರ ಬಂದು ಕುಳಿತಿತು.

ಅಯ್ಯೋ, ಎಷ್ಟು ನಿಧಾನ!

ಪ್ರಶ್ನೆಯಲ್ಲ, ಆದರೂ ಉತ್ತರಿಸುತ್ತೇನೆ. ನಿಧಾನ ನಿಜ. ತಬರನ ಅಲೆದಾಟವನ್ನು ಎರಡು ನಿಮಿಷದಲ್ಲಿ ಮುಗಿಸಿದ್ದರೆ ನಮಗೆ ಅದು ಸುದ್ದಿಯಾಗುತ್ತಿತ್ತು, ಆಯಾಸವಾಗುತ್ತಿರಲಿಲ್ಲ. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ನೋಡಿ. ಇಪ್ಪತ್ತು ನಿಮಿಷ ಕಷ್ಟ, ಆಮೇಲೆ ನಿಮ್ಮ ಉಸಿರೇ ಅದರ ಲಯಕ್ಕೆ ಬರುತ್ತದೆ. ಬರಲಿಲ್ಲವೋ, ಬಿಟ್ಟುಬಿಡಿ.

ಅವರ ಚಿತ್ರಗಳಲ್ಲಿ ನಿಮಗೆ ಹಿಡಿಸದ್ದು ಒಂದೂ ಇಲ್ಲವೇ?

ಇದೆ. ಸಂಕೇತಗಳು ಕೆಲವೊಮ್ಮೆ ತಾವೇ ಕೈಯೆತ್ತಿ 'ನಾನು ಸಂಕೇತ' ಎನ್ನುತ್ತವೆ. 'ಕೂರ್ಮಾವತಾರ'ದ ಕಲ್ಪನೆ ಸೊಗಸಾದದ್ದು: ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರ ಗಾಂಧಿಯಂತೆ ಕಾಣುತ್ತಾನೆಂದು ಟಿವಿ ಧಾರಾವಾಹಿಗೆ ಎಳೆದು ತರುತ್ತಾರೆ, ಜನ ಅವನನ್ನೇ ಗಾಂಧಿ ಎಂದು ನಂಬತೊಡಗುತ್ತಾರೆ. ಶಿಕಾರಿಪುರ ಕೃಷ್ಣಮೂರ್ತಿ ಅಚ್ಚುಕಟ್ಟಾಗಿ ಮಾಡಿದ್ದಾರೆ. ಆದರೆ ಗಾಂಧಿ ತತ್ತ್ವ ಮಾತಿನಲ್ಲೇ ಹೆಚ್ಚು ಬಂದು, ಕುಂ. ವೀರಭದ್ರಪ್ಪನವರ ಕಥೆಯ ಕುಚೋದ್ಯ ಸ್ವಲ್ಪ ಸಪ್ಪೆಯಾಯಿತು ಎನಿಸುತ್ತದೆ. ಮೊದಲ ಚಿತ್ರದ ಬೆನ್ನಿಗೇ ಬಂದ ಎರಡು ಚಿತ್ರಗಳೂ 'ಘಟಶ್ರಾದ್ಧ'ದ ನೆರಳಿನಿಂದ ಹೊರಬರಲಿಲ್ಲ.

ಇದಕ್ಕೆ ಎದುರಾಗಿ, ಯಾರೂ ಮಾತೆತ್ತದ 'ಮನೆ' ಚಿತ್ರವನ್ನು ಹೊಗಳಬೇಕು. ಹಳ್ಳಿಯಿಂದ ನಗರಕ್ಕೆ ಬಂದ ಎಳೆಯ ದಂಪತಿ, ನಾಸಿರುದ್ದೀನ್ ಶಾ ಮತ್ತು ದೀಪ್ತಿ ನವಲ್. ಬಯಸಿ ಹಿಡಿದ ಬಾಡಿಗೆ ಮನೆಯ ಪಕ್ಕದ ಶೆಡ್ಡಿನಿಂದ ಯಂತ್ರದ ಸದ್ದು. ಅಷ್ಟೇ ಕಥೆ. ಗೋಡೆ ತೂರಿ ಬರುವ ಸದ್ದು ಸಂಸಾರದೊಳಗೆ ಬಂದು ಮಲಗುವ ಬಗೆ ಭಯಾನಕ.

ಕಥಾಚಿತ್ರ ಬಿಟ್ಟು ಬೇರೇನು ಮಾಡಿದ್ದಾರೆ?

ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿ ಮಾಡಿದರು. ಅನಂತಮೂರ್ತಿಯವರ ಬಗ್ಗೆ, ಮಲಯಾಳದ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಬಗ್ಗೆ ಸಾಕ್ಷ್ಯಚಿತ್ರ ತೆಗೆದರು.

ಹಳೆಯ ಚಿತ್ರಗಳ ಒಳ್ಳೆಯ ಪ್ರತಿ ಸಿಗುತ್ತದೆಯೇ?

'ಘಟಶ್ರಾದ್ಧ'ದ ಮಟ್ಟಿಗೆ ಈಗ ಚಿಂತೆಯಿಲ್ಲ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಅವರ ವಿಶ್ವ ಸಿನಿಮಾ ಯೋಜನೆ ಸೇರಿ ಅದನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವಿಸಿ, 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದವು. ನಾನು ವರ್ಷಗಟ್ಟಲೆ ಗೀರುಬಿದ್ದ, ಮಾಸಿದ ಪ್ರತಿಯನ್ನೇ ಪರದೆಗೆ ಬಿಟ್ಟು, ಕತ್ತಲ ದೃಶ್ಯ ಬಂದಾಗಲೆಲ್ಲ 'ಇಲ್ಲಿ ಯಮುನಕ್ಕ ನಿಂತಿದ್ದಾಳೆ' ಎಂದು ಬಾಯಲ್ಲಿ ಹೇಳಿದವನು. ಉಳಿದ ಹದಿನಾಲ್ಕಕ್ಕೂ ಇಂಥ ಆರೈಕೆ ಬೇಕು.

ಕಥೆ ಓದಿ ಸಿನಿಮಾ ನೋಡಬೇಕೇ, ನೋಡಿ ಓದಬೇಕೇ?

ನೋಡಿ, ಆಮೇಲೆ ಓದಿ. ಮೊದಲು ಓದಿದರೆ ಇಡೀ ಹೊತ್ತು 'ಇದು ಕಥೆಯಲ್ಲಿ ಇರಲಿಲ್ಲ' ಎಂದು ಲೆಕ್ಕ ಹಾಕುತ್ತ ಕೂರುತ್ತೀರಿ. ಆದರೆ 'ಹಸೀನಾ' ವಿಷಯದಲ್ಲಿ ಈಗ ಜನ ಉಲ್ಟಾ ದಾರಿಯಲ್ಲಿ ಬರುತ್ತಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ 'ಕರಿ ನಾಗರಗಳು' ಓದಿದ ಹುಡುಗ ಹುಡುಗಿಯರು, ಇದು ಎರಡು ದಶಕದ ಹಿಂದೆಯೇ ಸಿನಿಮಾ ಆಗಿತ್ತೇ ಎಂದು ಬೆರಗಾಗಿ ಕೇಳುತ್ತಾರೆ. ಆಗಿತ್ತು, 2004ರಲ್ಲಿ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುತ್ತ ಕೂರುತ್ತಾಳೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಓದಿ ಬಂದವರಿಗೆ ನಾನು ಹೇಳುವುದು ಒಂದೇ: ಎರಡರ ಹೆಸರನ್ನು ಅಕ್ಕಪಕ್ಕ ಇಟ್ಟು ನೋಡಿ. ಕಥೆಗೆ ಹಾವಿನ ಹೆಸರು, ಸಿನಿಮಾಕ್ಕೆ ಆ ಹೆಂಗಸಿನದು.